ಸಾಲಿನಲ್ಲಿ ಕೂತು ನುಡಿಸುವವನ ಬದುಕು

ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿಗೆ ಹೋಗುವ ಪ್ರವಾಸಿಗರು ದೊಡ್ಡ ಬುದ್ಧನ ಮೂರ್ತಿಯನ್ನೂ ಬಣ್ಣದ ಕಂಬಗಳನ್ನೂ ಕೆಂಪು ನಿಲುವಂಗಿಯ ಭಿಕ್ಷುಗಳನ್ನೂ ನೋಡಿ ಬರುತ್ತಾರೆ. ಅಲ್ಲಿ ಕೇಳಬೇಕಾದದ್ದೂ ಒಂದಿದೆ. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಪ್ರಾರ್ಥನಾ ಸಭೆಗಳಲ್ಲಿ ಮೊಳಗುವುದು ಶತಮಾನಗಳಿಂದ ನಡೆದು ಬಂದ ಒಂದು ಶಾಸ್ತ್ರೀಯ ವಾದ್ಯವೃಂದ. ಆಳುದ್ದಕ್ಕಿಂತಲೂ ಉದ್ದದ ದುಂಗ್‌ಚೆನ್ ಕಹಳೆಗಳು ಜೋಡಿಯಾಗಿ ಮೊಳಗುತ್ತವೆ. ನಮ್ಮ ಸನಾದಿಯ ದಾಯಾದಿಯಂತಿರುವ ಗ್ಯಾಲಿಂಗನ್ನು ಉಸಿರು ಕಡಿಯದಂತೆ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಊದುತ್ತಾರೆ. ನಡುವೆ ಉಬ್ಬಿದ ದೊಡ್ಡ ತಾಳದ ಹೆಸರು ರೋಲ್ಮೊ. ಹಿಡಿಯಿರುವ ಡೋಲಿನ ಹೆಸರು ‘ಙ’; ನಮ್ಮ ವರ್ಣಮಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡಿ ಆಮೇಲೆ ಮರೆತೇಬಿಡುವ ಆ ಅಕ್ಷರ, ಇಲ್ಲಿ ಒಂದು ವಾದ್ಯದ ಪೂರ್ತಿ ಹೆಸರು. ಇವೆಲ್ಲವನ್ನೂ ನಡೆಸುವವನು ಉಮ್‌ಜೆ. ಮಂತ್ರಪಠಣದ ಮುಂದಾಳು ಅವನೇ, ತಾಳ ಹಿಡಿದು ಲಯದ ಏರಿಳಿತ ತೋರಿಸುವವನೂ ಅವನೇ. ಧ್ವನಿಯ ಬಾಗು ಬಳುಕನ್ನು ಗೆರೆಗಳಲ್ಲಿ ಬರೆದಿಡುವ ಯಾಂಗ್‌ಯಿಗ್ ಎಂಬ ಸ್ವರಲಿಪಿ ಅವರಿಗಿದೆ. ಮುಂದಾಳು, ಲಿಪಿ, ವಾದ್ಯಗಳ ಗೊತ್ತಾದ ಜಾಗ, ವರುಷವಿಡೀ ಗೊತ್ತಾದ ನುಡಿಸಾಣಿಕೆ ಇವಿಷ್ಟೂ ಇರುವ ವೃಂದ ನಮ್ಮ ಜಿಲ್ಲೆಯಲ್ಲಿದ್ದರೂ, ಕನ್ನಡದ ಸಂಗೀತ ಚರ್ಚೆಯಲ್ಲಿ ಅದರ ಸುದ್ದಿ ಬರುವುದಿಲ್ಲ.

ಈ ವೃಂದ ಇಲ್ಲಿಗೆ ಬಂದು ಮುಟ್ಟಿದ ಬಗೆಯಲ್ಲೇ ನಾವು ಕಲಿಯಬೇಕಾದದ್ದಿದೆ. ಗಾಂದೆನ್ ಮಠ ಟಿಬೆಟ್ಟಿನಲ್ಲಿ ಸ್ಥಾಪನೆಯಾದದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. 1959ರಲ್ಲಿ ಅಲ್ಲಿಂದ ಓಡಿಬಂದ ಭಿಕ್ಷುಗಳಲ್ಲಿ ಬಹಳಷ್ಟು ಮಂದಿ ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೆಯ ಬಂದೀಖಾನೆಯಲ್ಲಿ ಹತ್ತು ವರ್ಷ ಕಳೆದರು. ಅಲ್ಲಿನ ಸೆಕೆಗೂ ಕ್ಷಯಕ್ಕೂ ಎಷ್ಟೋ ಜನ ಸತ್ತರು. ಅಂದಿನ ಮೈಸೂರು ರಾಜ್ಯ ಮುಂಡಗೋಡಿನಲ್ಲಿ ಕಾಡುಭೂಮಿ ಕೊಟ್ಟು 1966ರಲ್ಲಿ ವಸತಿ ಶುರುವಾಯಿತು. ಅದಾಗಿ ಕೆಲವು ವರ್ಷಕ್ಕೆ ಈ ಎರಡು ಮಠಗಳೂ ಇಲ್ಲಿ ಮತ್ತೆ ಎದ್ದವು. ಜೋಳ, ಭತ್ತ ಬೆಳೆಯುತ್ತ, ತಗಡಿನ ಸೂರಿನ ಕೆಳಗೆ ಶುರು ಮಾಡಿದವರು ಮೊದಲ ದಿನದಿಂದ ಸಭೆಯನ್ನು ಬಿಡಲಿಲ್ಲ. ಸಭೆ ಇದ್ದಲ್ಲಿ ಉಮ್‌ಜೆ ಬೇಕು, ಉಮ್‌ಜೆ ಇದ್ದಲ್ಲಿ ತಾಳ, ಕಹಳೆ, ಡೋಲು ಬೇಕು, ಅವನ್ನು ನುಡಿಸಲು ಕಲಿಯುವ ಹುಡುಗರು ಬೇಕು. ಹುಡುಗರಿಗೆ ಮಠವೇ ಉಣ್ಣಲು ಹಾಕುತ್ತದೆ, ಉಡಲು ಕೊಡುತ್ತದೆ, ಮುಪ್ಪಿನಲ್ಲಿ ನೋಡಿಕೊಳ್ಳುತ್ತದೆ. ಹೀಗಾಗಿ ದೇಶ ಕಳೆದುಕೊಂಡರೂ ವೃಂದ ಉಳಿಯಿತು. ಕಹಳೆ ಊದುವವನ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಅಲ್ಲಿಲ್ಲ.

ನನ್ನ ವಾದ ಇಷ್ಟು. ಒಂಟಿಯಾಗಿ ಹಾಡುವವರನ್ನು ಪ್ರತಿಭೆ ಮತ್ತು ಗುರು ಸೇರಿ ತಯಾರು ಮಾಡಬಹುದು. ಸಾಲಿನಲ್ಲಿ ಕೂತು ನುಡಿಸುವವನನ್ನು ಸಂಸ್ಥೆಯೊಂದೇ ತಯಾರು ಮಾಡಬಲ್ಲದು. ಅವನಿಗೆ ಬೇಕಾದದ್ದು ಸನ್ಮಾನವಲ್ಲ, ತಿಂಗಳ ಸಂಬಳ. ಅವನ ಕಸುಬು ಇನ್ನೊಬ್ಬರ ಜೊತೆ ಕೂಡಿದಾಗ ಮಾತ್ರ ಇರುವಂಥದ್ದು. ಗಾಯಕ ಮನೆಯಲ್ಲೇ ಕೂತು ತಂಬೂರಿ ಮೀಟಿ ಸಾಧನೆ ಮಾಡಬಹುದು, ಕಹಳೆಯ ಜೋಡಿ ಒಬ್ಬನಿಂದ ಆಗುವುದಿಲ್ಲ. ಇಪ್ಪತ್ತು ಜನ ದಿನಾಲೂ ಒಂದೆಡೆ ಸೇರಬೇಕೆಂದರೆ ಇಪ್ಪತ್ತು ಜನರ ದಿನದ ಊಟವನ್ನು ಯಾರೋ ವಹಿಸಿಕೊಂಡಿರಬೇಕು. ಯುರೋಪಿನ ವಾದ್ಯವೃಂದದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಹೈಡನ್ 1761ರಿಂದ ಸುಮಾರು 30 ವರ್ಷ ಎಸ್ಟರ್‌ಹಾಜಿ ಮನೆತನದ ನೌಕರನಾಗಿದ್ದ. 1772ರಲ್ಲಿ ದೊರೆ ತನ್ನ ಬೇಸಿಗೆಯ ಅರಮನೆಯಲ್ಲಿ ವಾದ್ಯಗಾರರನ್ನು ಬಹಳ ದಿನ ಉಳಿಸಿಕೊಂಡ. ಅವರ ಹೆಂಡತಿ ಮಕ್ಕಳು ದೂರದ ಊರಲ್ಲಿದ್ದರು. ಹೈಡನ್ ಆಗ ಬರೆದ 45ನೇ ಸಿಂಫನಿಯ ಕೊನೆಯಲ್ಲಿ ಒಬ್ಬೊಬ್ಬನೇ ತನ್ನ ಪಾಲು ಮುಗಿಸಿ, ಮೇಣದ ಬತ್ತಿ ಆರಿಸಿ ಎದ್ದು ಹೋಗುತ್ತಾನೆ, ಕಡೆಗೆ ಎರಡೇ ಪಿಟೀಲು ಉಳಿಯುತ್ತವೆ. ದೊರೆಗೆ ಅರ್ಥವಾಗಿ ರಜೆ ಸಿಕ್ಕಿತು. ಆ ಮಹಾಕೃತಿಯ ಬೆನ್ನಿಗಿರುವುದು ನೌಕರರ ರಜೆಯ ಅರ್ಜಿ. ರಜೆ ಕೇಳಬೇಕಾದರೆ ನೌಕರಿ ಇರಬೇಕು. ನಮ್ಮ ವಾದ್ಯಗಾರರಿಗೆ ಇಲ್ಲದಿರುವುದು ಅದೇ.

ನಮ್ಮ ಕಡೆಯ ಸಂಗೀತದ ಅಭಿಮಾನ ಪೂರ್ತಿಯಾಗಿ ಮುಂದೆ ಕೂತವರ ಮೇಲಿದೆ. ಹಳಿಯಾಳಕ್ಕೆ ಧಾರವಾಡ ಹತ್ತಿರ, ದಾಂಡೇಲಿಗೂ ದೂರವಲ್ಲ. ಮನ್ಸೂರರು, ಗಂಗೂಬಾಯಿ, ಭೀಮಸೇನ ಜೋಶಿ, ರಾಜಗುರು, ಕುಮಾರ ಗಂಧರ್ವ ಎಂದು ಹೆಸರುಗಳನ್ನು ಎಣಿಸುವುದು ಈ ಭಾಗದವರಿಗೆ ನಾಲಿಗೆಯ ತುದಿಯಲ್ಲಿದೆ. ಗಂಗೂಬಾಯಿಯವರ ಪಕ್ಕದಲ್ಲಿ ದಶಕಗಳ ಕಾಲ ತಬಲಾ ಹಿಡಿದು ಕೂತ ಸೋದರ ಶೇಷಗಿರಿ ಹಾನಗಲ್ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ? ಸಾಥ್ ಎನ್ನುವ ಶಬ್ದದಲ್ಲೇ ಪಕ್ಕವಾದ್ಯದವನು ಜೊತೆಗೆ ಬಂದವನು, ಕರೆದರೆ ಬರುವವನು ಎಂಬ ಭಾವವಿದೆ. ಅಂಥವರಿಗೆ ಕಾಯಂ ನೌಕರಿ ಎಂದು ಈ ಭಾಗದಲ್ಲಿ ಸಿಕ್ಕಿದ್ದು ಆಕಾಶವಾಣಿಯಿಂದ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ದಿಲ್ಲಿಯಲ್ಲಿ 1952ರಲ್ಲಿ ಪಂಡಿತ ರವಿಶಂಕರ್ ಅವರ ಮುಂದಾಳತ್ವದಲ್ಲಿ ಆಕಾಶವಾಣಿಯ ವಾದ್ಯವೃಂದ ಹುಟ್ಟಿತು. ನಿಲಯದ ಕಲಾವಿದ ಎಂಬ ಹುದ್ದೆಯಿಂದ ಸಾರಂಗಿ, ತಬಲಾ, ಪಿಟೀಲಿನವರ ಮನೆಗಳಲ್ಲಿ ಮಕ್ಕಳು ಓದಿದರು, ಬಾಡಿಗೆ ಕಟ್ಟಲಾಯಿತು. ಕ್ರಮೇಣ ನಿವೃತ್ತರಾದವರ ಜಾಗ ತುಂಬುವುದು ನಿಂತುಹೋಯಿತು, ಸಾರಂಗಿಯಂಥ ವಾದ್ಯಗಳಿಗೆ ಇದ್ದ ಒಂದು ಬಾಗಿಲೂ ಮುಚ್ಚಿತು. ಕಛೇರಿಯ ಲೆಕ್ಕದಲ್ಲಿ ಸಾರಂಗಿಯವನು ಬದುಕಲಾರ ಎಂಬುದು ಆಮೇಲೆ ತಿಳಿದ ವಿಷಯವೇನಲ್ಲ. ನೇಮಕ ನಿಲ್ಲಿಸಿದವರಿಗೂ ಅದು ಗೊತ್ತಿತ್ತು.

ಮೈಸೂರಿನ ಉದಾಹರಣೆ ಇನ್ನೂ ಸ್ಪಷ್ಟ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ವೈಣಿಕರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು, ಅದಕ್ಕೆ ಒಟ್ಟೊ ಶ್ಮಿಟ್ ಎಂಬ ಜರ್ಮನ್ ಮುಂದಾಳಿದ್ದ. ಜಯಚಾಮರಾಜ ಒಡೆಯರು ಇನ್ನೂ ಮುಂದೆ ಹೋದರು. ರಷ್ಯದ ಮೆಡ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದರ ಹಿಂದೆಯೂ ಅವರ ನೆರವಿತ್ತು. ಯುದ್ಧದಿಂದ ಬಸವಳಿದ ನಗರದ ವಾದ್ಯಗಾರರ ಸಂಬಳಕ್ಕೆ ಕನ್ನಡನಾಡಿನ ದುಡ್ಡು ಆಸರೆಯಾದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಅರಸೊತ್ತಿಗೆ ಹೋದ ಮೇಲೆ ಮೈಸೂರಿನಲ್ಲಿ ಉಳಿದದ್ದು ಯಾವುದೆಂದು ನೋಡಿ. ಪೊಲೀಸ್ ಇಲಾಖೆಯ ವೇತನಪಟ್ಟಿಗೆ ಸೇರಿದ ಬ್ಯಾಂಡು ಉಳಿಯಿತು. ಅದರಲ್ಲಿ ಕರ್ನಾಟಕ ಸಂಗೀತ ನುಡಿಸುವ ತಂಡವೂ ಇದೆ, ಇಂಗ್ಲಿಷ್ ಬ್ಯಾಂಡೂ ಇದೆ, ದಸರೆಯಲ್ಲಿ ಇಂದಿಗೂ ನುಡಿಯುತ್ತದೆ. ಅಲ್ಲಿ ಕ್ಲಾರಿನೆಟ್ ಹಿಡಿದವನಿಗೆ ಹುದ್ದೆಯಿದೆ, ಸಮವಸ್ತ್ರವಿದೆ, ನಿವೃತ್ತಿ ವೇತನವಿದೆ. ರಾಜನ ರಸಿಕತೆಗೆ ಕೊಡಲಾಗದ ಆಯುಷ್ಯವನ್ನು ಇಲಾಖೆಯ ಒಂದು ಹಾಜರಿ ಪುಸ್ತಕ ಕೊಟ್ಟಿತು.

ಸಂಸ್ಥೆಯಿಲ್ಲದೆ ಬರೀ ಕೌಶಲ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಜೋಯಿಡಾ ತಾಲ್ಲೂಕಿನ ಗಡಿಯಲ್ಲೇ ಹಾದುಹೋಗಿದೆ. ಪೋರ್ಚುಗೀಸರ ಗೋವಾದಲ್ಲಿ ಚರ್ಚಿನ ಶಾಲೆಗಳು ಹಳ್ಳಿಯ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ಹಿಡಿಯುವುದನ್ನೂ ಕಲಿಸುತ್ತಿದ್ದವು. ಕಲಿತ ಹುಡುಗರು ಕೆಲಸ ಹುಡುಕಿ ಮುಂಬಯಿಗೆ ಹೊರಟರು. ರೈಲಿನಲ್ಲಿ ಹೊರಟವರು ದಾಟಬೇಕಾಗಿದ್ದ ಗಡಿ ಠಾಣೆಯೇ ನಮ್ಮ ಕ್ಯಾಸಲ್‌ರಾಕ್. ಸುಂಕದವರು ತೆರೆಸಿ ನೋಡುತ್ತಿದ್ದ ಪೆಟ್ಟಿಗೆಗಳ ನಡುವೆ ಪಿಟೀಲಿನ ಪೆಟ್ಟಿಗೆಗಳೂ ಇದ್ದವು. ಮೆಹ್ಲಿ ಮೆಹ್ತಾ 1935ರಲ್ಲಿ ಕಟ್ಟಿದ ಬಾಂಬೆ ಸಿಂಫನಿಯಲ್ಲಿ, ಮುಂದೆ ಹಿಂದಿ ಸಿನಿಮಾದ ಸ್ಟುಡಿಯೋಗಳಲ್ಲಿ ಸಾಲುಸಾಲಾಗಿ ಕೂತವರಲ್ಲಿ ಇವರೇ ಬಹಳ. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಆರ್. ಡಿ. ಬರ್ಮನ್ ಮತ್ತು ಪ್ಯಾರೇಲಾಲ್‌ರಿಗೆ ಪಿಟೀಲು ಕಲಿಸಿದವರು. 1958ರಲ್ಲಿ ಅವರು ಭಾರತೀಯ ರಾಗಗಳನ್ನು ನುಡಿಸುವ ದೊಡ್ಡ ವೃಂದ ಕಟ್ಟಿದರು, ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಹಿಂದೆ ನಿಂತು ಸಂಬಳ ಕೊಡುವ ಸಂಸ್ಥೆ ಇರಲಿಲ್ಲ. ಸಿನಿಮಾದವರು ಕೊಡುತ್ತಿದ್ದುದು ಪಾಳಿಯ ಲೆಕ್ಕದ ಕೂಲಿ. ಸಿಂಥಸೈಜರ್ ಬಂದ ಮೇಲೆ ಮೂವತ್ತು ಪಿಟೀಲಿನ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡತೊಡಗಿ, ಒಂದೆರಡು ದಶಕದಲ್ಲಿ ಇಡೀ ಕಸುಬೇ ಮಡಚಿಕೊಂಡಿತು. ಅವರ ಮಕ್ಕಳು ಪಿಟೀಲು ಹಿಡಿಯಲಿಲ್ಲ. 2006ರಲ್ಲಿ ಮುಂಬಯಿಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿದಾಗ ಸಾಲು ತುಂಬಲು ಕಜಾಕಸ್ತಾನದಿಂದಲೂ ಬೇರೆ ದೇಶಗಳಿಂದಲೂ ಜನರನ್ನು ಕರೆಸಬೇಕಾಯಿತು. ಒಂದು ತಲೆಮಾರು ಕಡಿದುಹೋದರೆ ಮತ್ತೆ ಬೆಳೆಸಲು ಎಷ್ಟು ಕಾಲ ಬೇಕೆಂಬುದು ಅಲ್ಲಿ ಕಾಣುತ್ತದೆ.

ಈಗ ಹಳಿಯಾಳ, ದಾಂಡೇಲಿ, ಜೋಯಿಡಾಗಳಲ್ಲಿ ಏನಿದೆ ಎಂದು ನೋಡೋಣ. ಸಿದ್ದಿಯರ ದಮಾಮ್ ಇದೆ. ಆಫ್ರಿಕದಿಂದ ಪೋರ್ಚುಗೀಸರೂ ಇತರರೂ ಎಳೆತಂದ ಜನ ಈ ಕಾಡುಗಳಲ್ಲಿ ನೆಲೆಯೂರಿ ಉಳಿಸಿಕೊಂಡ ಡೋಲು, ಅದರ ಸುತ್ತ ಹಾಡು, ಹೆಂಗಸರ ಪುಗಡಿ. ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರ ಊರುಗಳಲ್ಲಿ ಕರಡಿ ಮಜಲು ಇದೆ. ಕರಡಿ, ತಾಳ, ಸನಾದಿ ಕೂಡಿ ಗತ್ತಿನ ಮೇಲೆ ಗತ್ತು ಕಟ್ಟಿ ನುಡಿಸುವ ಅದು ಹೆಸರಿಲ್ಲದಿದ್ದರೂ ವಾದ್ಯವೃಂದವೇ. ಭಜಂತ್ರಿ ಮನೆತನಗಳ ಸನಾದಿಯಿದೆ. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾ ನೋಡಿ ಕಣ್ಣೊರೆಸಿಕೊಂಡ ನಾಡು, ಬಿಸ್ಮಿಲ್ಲಾ ಖಾನರ ಶಹನಾಯಿಗೆ ಚಪ್ಪಾಳೆ ಹೊಡೆದ ನಾಡು, ಅಪ್ಪಣ್ಣನಂಥವರ ಮಕ್ಕಳಿಗೆ ಒಂದು ಹುದ್ದೆ ನಿರ್ಮಿಸಲಿಲ್ಲ. ಮದುವೆಗೆ ಡಿಜೆ ಬಂದ ಮೇಲೆ ಅವರಿಗೆ ವೀಳ್ಯ ಕೊಡುವವರೂ ಕಡಿಮೆಯಾದರು. ದಾಂಡೇಲಿಯ ರೆಸಾರ್ಟುಗಳು ಸಂಜೆಯ ಬೆಂಕಿಯ ಸುತ್ತ ಸಿದ್ದಿ ನೃತ್ಯ ಇಡಿಸುತ್ತವೆ. ಅದರಿಂದ ಕೈಗೆ ನಾಲ್ಕು ಕಾಸು ಬರುತ್ತದೆ ಎಂಬುದನ್ನು ಹೀಗಳೆಯಲಾರೆ. ಆದರೆ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ, ಭಾಷೆ ತಿಳಿಯದವರೆದುರು, ದಿನಾಲೂ ಅದೇ ನಾಲ್ಕು ಹಾಡು ಬಡಿದರೆ ವಿದ್ಯೆ ಬೆಳೆಯುವುದಿಲ್ಲ, ಸವೆಯುತ್ತದೆ. ಸರಕಾರದ ಉತ್ಸವಗಳಲ್ಲೂ ಆಗುವುದು ಇದೇ: ಮೆರವಣಿಗೆಯಲ್ಲಿ ಬಿಸಿಲಲ್ಲಿ ನಡೆಸಿ, ವೇದಿಕೆಯನ್ನು ಹೊರಗಿನಿಂದ ಬಂದ ಸಿನಿಮಾ ಗಾಯಕರಿಗೆ ಬಿಟ್ಟುಕೊಡುವುದು.

ಹಳಿಯಾಳದ ಜನರಿಗೆ ಸಂಸ್ಥೆ ಎಂದರೇನು ಎಂದು ಹೊಸದಾಗಿ ಹೇಳಬೇಕಿಲ್ಲ. ಅದು ಕುಸ್ತಿಯ ಊರು. ಅಲ್ಲಿ ಕ್ರೀಡಾ ಇಲಾಖೆಯ ವಸತಿ ಶಾಲೆಯಿದೆ, ಸಿದ್ದಿ ಹುಡುಗಿಯರೂ ಅಲ್ಲಿನ ಅಖಾಡದಲ್ಲಿ ಪಟ್ಟು ಕಲಿತು ರಾಷ್ಟ್ರಮಟ್ಟದಲ್ಲಿ ಗೆದ್ದಿದ್ದಾರೆ. ಪೈಲ್ವಾನನಿಗೆ ಹಾಲು, ಬಾದಾಮಿ, ಮಣ್ಣಿನ ಅಖಾಡ, ಉಸ್ತಾದ, ವರ್ಷಗಟ್ಟಲೆ ಸಮಯ ಬೇಕು ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಗ್ಯಾಲಿಂಗ್ ಊದುವವನ ಕೆನ್ನೆಗೂ ದಮಾಮ್ ಬಡಿಯುವವನ ಅಂಗೈಗೂ ಬೇಕಾದದ್ದು ಅದೇ ತಾಲೀಮು. ಸಂಸ್ಥೆ ಕೈಬಿಟ್ಟರೆ ಏನಾಗುತ್ತದೆ ಎಂಬ ಕಹಿಯೂ ಇಲ್ಲಿಯವರಿಗೆ ಗೊತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ಯಿತು. ಪದಕಗಳು ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಅರ್ಧ ಕಲಿತ ಮಕ್ಕಳು ಊರಿಗೆ ಮರಳಿ ಕೂಲಿ ಹಿಡಿದರು. ಅವರ ಕಾಲುಗಳಲ್ಲಿ ದೋಷವಿರಲಿಲ್ಲ, ಕಡತದಲ್ಲಿತ್ತು.

ಆದ್ದರಿಂದ ಕೇಳುವುದು ಹೀಗೆ: ಹಳಿಯಾಳದಲ್ಲಿ ಕುಸ್ತಿ ಶಾಲೆಯ ಮಾದರಿಯಲ್ಲೇ ಒಂದು ವಾದ್ಯ ವಸತಿ ಶಾಲೆ, ಅದಕ್ಕೆ ಅಂಟಿಕೊಂಡು ಸಂಬಳದ ಕಾಯಂ ವಾದ್ಯವೃಂದ. 25 ವಾದ್ಯಗಾರರು, ತಿಂಗಳಿಗೆ ತಲಾ 30,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 90 ಲಕ್ಷ. ಸರಕಾರದ ಲೆಕ್ಕದಲ್ಲಿ ಇದು ಹೆಚ್ಚಿನ ಮೊತ್ತವಲ್ಲ. ವೃದ್ಧ ಕಲಾವಿದರಿಗೆ ಸರಕಾರ ಈಗಲೂ ಮಾಸಾಶನ ಕೊಡುತ್ತದೆ. ಇಡೀ ಆಯುಷ್ಯ ಬರಿಗೈಯಲ್ಲಿ ದುಡಿಸಿಕೊಂಡು ಕೊನೆಗೆ ಕೊಡುವ ಆ ದುಡ್ಡಿನ ತರ್ಕವನ್ನು ಮೂವತ್ತು ವರ್ಷ ಹಿಂದಕ್ಕೆ ಒಯ್ದರೆ ಅದೇ ಸಂಬಳವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದವು ಇವೆ. ನಮ್ಮ ಸಂಗೀತ ಒಬ್ಬರೇ ಹಾಡುವ, ಮನೋಧರ್ಮದ ಸಂಗೀತ, ವೃಂದ ಎನ್ನುವುದು ಹೊರಗಿನದು ಎನ್ನುವವರಿದ್ದಾರೆ. ಸಭೆಯ ಸಂಗೀತದ ಮಟ್ಟಿಗೆ ಈ ಮಾತು ನಿಜ, ಊರಿನ ಸಂಗೀತಕ್ಕೆ ಅಲ್ಲ. ಕರಡಿ ಮಜಲು, ಯಕ್ಷಗಾನದ ಹಿಮ್ಮೇಳ, ದಮಾಮ್ ಯಾವುದೂ ಒಬ್ಬನಿಂದ ಆಗುವುದಲ್ಲ. ವೃಂದ ಎಂದರೆ ಎಲ್ಲವನ್ನೂ ಕಲಸಿ ಫ್ಯೂಷನ್ ಮಾಡಬೇಕೆಂದೂ ಅಲ್ಲ. ಮೂರು ಮೇಳಗಳು ಒಂದೇ ಸೂರಿನ ಕೆಳಗೆ ತಂತಮ್ಮ ಕ್ರಮದಲ್ಲೇ ನುಡಿಸಲಿ, ಬೇಕೆನಿಸಿದಾಗ ಕೂಡಲಿ. ಮಠದ ಉದಾಹರಣೆ ಇಲ್ಲಿ ಒಗ್ಗದು, ಭಿಕ್ಷುವಿಗೆ ಸಂಸಾರವಿಲ್ಲ, ಅವನು ನುಡಿಸುವುದು ಧರ್ಮಕ್ಕಾಗಿ ಎಂಬುದು ಇನ್ನೊಂದು ಮಾತು. ಒಪ್ಪತಕ್ಕದ್ದೇ. ಆದರೆ ನಮ್ಮದೇ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡು ಅನ್ನ ಹಾಕಿ ಕಲಿಸಿದರು. ಗಾಯಕರಷ್ಟೇ ಅಲ್ಲ, ಉತ್ತರ ಕರ್ನಾಟಕದ ನಾಟಕ ಕಂಪನಿಗಳಿಗೆ, ಶಾಲೆಗಳಿಗೆ ಹಾರ್ಮೋನಿಯಂ, ತಬಲಾ, ಪಿಟೀಲಿನವರು ಅಲ್ಲಿಂದ ಬಂದರು. ಕಲಿತವರು ಸಂಸಾರ ಹೂಡಿ ಬದುಕಿದರು. ದಾಸೋಹದ ಪಂಕ್ತಿ ಮೊದಲು, ಪಾಠ ಆಮೇಲೆ ಎಂಬ ಅಲ್ಲಿನ ಕ್ರಮಕ್ಕೂ ಮುಂಡಗೋಡಿನ ಕ್ರಮಕ್ಕೂ ವ್ಯತ್ಯಾಸ ಬಹಳವಿಲ್ಲ.

ಸರಕಾರದ ಕೈಗೆ ಹೋದರೆ ಕಲೆ ಸತ್ತುಹೋಗುತ್ತದೆ ಎಂಬ ಭಯವೇ ಎಲ್ಲಕ್ಕಿಂತ ಗಂಭೀರವಾದದ್ದು. ಸಂಸ್ಥೆ ಕೊಲ್ಲಬಲ್ಲದು ಕೂಡ, ನಿಜ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ ಮೂವತ್ತು ವರ್ಷ ಹೊರಗಿಟ್ಟಿತು. ಒಂದು ಆದೇಶದಿಂದ ಒಂದು ವಾದ್ಯದವರ ಅನ್ನಕ್ಕೆ ಕಲ್ಲು ಬಿತ್ತು. ಹಾಗಾಗಿ ಆಡಳಿತ ಯಾರ ಕೈಯಲ್ಲಿರುತ್ತದೆ ಎಂಬುದು ಮುಖ್ಯ. ವಿಯೆನ್ನಾದ ಫಿಲ್‌ಹಾರ್ಮೋನಿಕ್ 1842ರಿಂದ ತನ್ನ ವಾದ್ಯಗಾರರ ಆಡಳಿತದಲ್ಲೇ ನಡೆದಿದೆ: ಸಂಬಳ ಸರಕಾರಿ ಆಪೆರಾದ ನೌಕರಿಯಿಂದ, ಕಛೇರಿಯ ನಿರ್ಧಾರ ತಮ್ಮದೇ. ಅದೇ ವೃಂದ 1997ರವರೆಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಮರೆಯಬಾರದು. ವಾದ್ಯಗಾರರ ಆಡಳಿತವೂ ತನ್ನಷ್ಟಕ್ಕೆ ನ್ಯಾಯವಾಗಿ ಬಿಡುವುದಿಲ್ಲ. ಮುಂಡಗೋಡಿನ ಸಭೆಯಲ್ಲೂ ಕಹಳೆ ಗಂಡಸರ ಕೈಯಲ್ಲೇ ಇದೆ, ಆದರೆ ಅಲ್ಲೇ 1987ರಲ್ಲಿ ಜಂಗ್ಚುಬ್ ಚೋಲಿಂಗ್ ಎಂಬ ಭಿಕ್ಷುಣಿಯರ ಮಠ ಶುರುವಾಗಿ, ಹೆಂಗಸರು ಗಂಡಸರಷ್ಟೇ ವರ್ಷ ಶಾಸ್ತ್ರ ಓದಿದ್ದಾರೆ. ನಮ್ಮಲ್ಲಿ ಇದರ ಜೊತೆಗೆ ಜಾತಿಯೂ ಸೇರಿಕೊಳ್ಳುತ್ತದೆ. ಚರ್ಮದ ವಾದ್ಯ ಯಾರದು, ಗಾಳಿವಾದ್ಯ ಯಾರದು, ತಂತಿ ಯಾರದು ಎಂದು ಗೆರೆ ಕೊರೆದ ಸಮಾಜ ನಮ್ಮದು. ಅಮೆರಿಕದ ವೃಂದಗಳು 1970ರ ದಶಕದಿಂದ ಆಯ್ಕೆಯ ವೇಳೆ ಪರದೆ ಕಟ್ಟಿ, ನುಡಿಸುವವರ ಮುಖ ಕಾಣದಂತೆ ಕಿವಿಯಿಂದ ಮಾತ್ರ ಆರಿಸತೊಡಗಿದವು. ಹಳಿಯಾಳದ ಆಯ್ಕೆಗೆ ಆ ಪರದೆ ಇನ್ನೂ ಹೆಚ್ಚು ಬೇಕು. ಬರೀ ಕುಲದ ಕಸುಬೆಂದು ಸಿದ್ದಿ ಹುಡುಗಿಗೆ ದಮಾಮ್ ಕೊಟ್ಟು ಪಿಟೀಲು ತಡೆಯುವುದೂ ಅನ್ಯಾಯ, ದಮಾಮಿನ ವಿದ್ಯೆಯನ್ನು ಅವಳ ಅಜ್ಜನಿಂದ ಕಸಿದು ಪದವಿ ಇದ್ದವನ ಕೈಗೆ ಕೊಡುವುದೂ ಅನ್ಯಾಯ. ಕಲಿಸುವವರ ಹುದ್ದೆಗೆ ಪದವಿಯ ಷರತ್ತು ಇರಬಾರದು.

ಆಸ್ಪತ್ರೆಯಲ್ಲಿ ಡಾಕ್ಟರಿಲ್ಲದ, ಮಳೆಗಾಲದಲ್ಲಿ ಹಳ್ಳ ದಾಟಲಾಗದ ಜೋಯಿಡಾದಲ್ಲಿ ವಾದ್ಯಕ್ಕೆ ದುಡ್ಡು ಹಾಕುವುದೇ ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟ, ಕೊಡದೆ ಇರುವುದೂ ಸರಿಯಲ್ಲ. ಸೇತುವೆ ಮತ್ತು ವಾದ್ಯಗಳ ನಡುವೆ ಆರಿಸಬೇಕಾಗಿ ಬಂದರೆ ಸೇತುವೆಯೇ ಆಗಲಿ. ಆದರೆ ಈ ದುಡ್ಡು ಸೇತುವೆಯಿಂದ ಬರಬೇಕಾದದ್ದಲ್ಲ. ಸಂಸ್ಕೃತಿಯ ಹೆಸರಲ್ಲಿ ಪೆಂಡಾಲು, ದೀಪ, ಧ್ವನಿವರ್ಧಕ, ಎರಡು ರಾತ್ರಿಯ ತಾರೆಯರಿಗೆ ಈಗಾಗಲೇ ಖರ್ಚಾಗುತ್ತಿರುವ ದುಡ್ಡಿನಲ್ಲೇ ಇದಕ್ಕೆ ಪಾಲಿದೆ. ಕಾಳಿಯ ಅಣೆಕಟ್ಟೆಗಳಿಂದ ವಿದ್ಯುತ್ತು, ದಾಂಡೇಲಿಯ ಗಿರಣಿಯಿಂದ ಕಾಗದ, ಕಾಡಿನಿಂದ ಪ್ರವಾಸೋದ್ಯಮ ಇಷ್ಟನ್ನೂ ನಾಡಿಗೆ ಕೊಟ್ಟ ತಾಲ್ಲೂಕುಗಳು ಇವು. ಹಳೆಯ ಸೂಪಾ ಊರು ನೀರಡಿ ಹೋಗಿ ತಾಲ್ಲೂಕಿನ ಕೇಂದ್ರವೇ ಜೋಯಿಡಾಕ್ಕೆ ಬಂತು. ಇಲ್ಲಿನ ಇಪ್ಪತ್ತೈದು ಜನರ ಸಂಬಳವನ್ನು ದಾನವೆಂದು ಯಾರೂ ಕರೆಯಬಾರದು.

ಆ ಸಂಬಳದ ಬಗ್ಗೆ ಒಂದು ವಿವರವನ್ನು ಮಾತ್ರ ಆದೇಶದಲ್ಲಿ ಮೊದಲೇ ಬರೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಮಳೆ. ಜಾತ್ರೆಯಿಲ್ಲ, ಮದುವೆ ಕಡಿಮೆ, ಉತ್ಸವವಿಲ್ಲ, ನದಿಯ ಆಟಗಳು ನಿಂತು ರೆಸಾರ್ಟುಗಳೂ ತಣ್ಣಗಿರುತ್ತವೆ. ತೇವಕ್ಕೆ ಡೋಲಿನ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳಬೇಕು. ಕಾರ್ಯಕ್ರಮದ ಲೆಕ್ಕದಲ್ಲಿ ದುಡ್ಡು ಕೊಡುವ ಯಾವ ಯೋಜನೆಯಲ್ಲೂ ಈ ನಾಲ್ಕು ತಿಂಗಳಿಗೆ ಒಂದು ರೂಪಾಯಿಯೂ ಬರುವುದಿಲ್ಲ, ವಾದ್ಯಗಾರ ನಾಟಿಯ ಕೂಲಿಗೆ ಹೋಗುತ್ತಾನೆ. ಹೊಸ ಗತ್ತು ಕಟ್ಟಲು, ಹಳೆಯದನ್ನು ಬರೆದಿಡಲು, ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳಲು ಬಿಡುವಿರುವುದು ಆ ನಾಲ್ಕು ತಿಂಗಳಲ್ಲೇ. ಸಂಬಳ ತಪ್ಪದೆ ಬರಬೇಕಾದದ್ದೂ ಆಗಲೇ.